ಮಕ್ಕಳ ಈಜು ಕ್ಲಬ್‌ನಲ್ಲಿ ನಾಲ್ಕು ವರ್ಷ: ಯಾವ ಗ್ರೂಪ್, ಯಾಕೆ ಆ ಗ್ರೂಪ್

ನ್ಯೂಜೆರ್ಸಿಯಲ್ಲಿ ನಮ್ಮ ಮನೆಯಿಂದ ಹದಿನೈದು ನಿಮಿಷ ದೂರದ ಒಂದು ಈಜು ಕ್ಲಬ್‌ಗೆ 2021ರ ಸೆಪ್ಟೆಂಬರ್‌ನಲ್ಲಿ ಮಗಳನ್ನು ಸೇರಿಸಿದೆವು. ಆಗ ಅವಳಿಗೆ ಎಂಟು. ಎರಡು ವರ್ಷದ ನಂತರ ಮಗನೂ ಸೇರಿದ. ಕ್ಲಬ್‌ನ ಹೆಸರು ಹೇಳುವುದಿಲ್ಲ. ನನ್ನದು ಒಂದಷ್ಟು ದೂರು ಇದೆ, ನಾಳೆ ಸಂಜೆಯೂ ಮಕ್ಕಳನ್ನು ಅಲ್ಲೇ ಬಿಡಬೇಕು. ಹೆಸರಿಲ್ಲದಿದ್ದರೂ ಏನೂ ನಷ್ಟವಿಲ್ಲ. ಇಲ್ಲಿ ನಾವು ವಿಚಾರಿಸಿದ ಉಳಿದ ಕ್ಲಬ್‌ಗಳಲ್ಲೂ ಮಕ್ಕಳನ್ನು ಹಂಚುವುದು ಹೆಚ್ಚುಕಡಿಮೆ ಹೀಗೇ.

ಇದು ಈಜು ಕಲಿಸುವ ಜಾಗ ಅಲ್ಲ. ಕಲಿತ ಮೇಲೆ ಸ್ಪರ್ಧೆಗೆ ತಯಾರು ಮಾಡುವ ಜಾಗ. ಬ್ರಾಂಜ್, ಸಿಲ್ವರ್, ಗೋಲ್ಡ್, ಸೀನಿಯರ್ ಅಂತ ನಾಲ್ಕು ಗ್ರೂಪ್. ಮೊದಲ ಸಲ ಕೇಳಿದಾಗ ಚಿನ್ನದಂಗಡಿಯ ಚೀಟಿ ಸ್ಕೀಮ್ ಇರಬೇಕು ಅನ್ನಿಸಿತ್ತು. ಬ್ರಾಂಜ್‌ಗೆ ವಾರಕ್ಕೆ ಮೂರು ದಿನ, ದಿನಕ್ಕೆ ಒಂದು ಗಂಟೆ. ಗೋಲ್ಡ್‌ಗೆ ಐದು ದಿನ, ಒಂದೂವರೆ ಗಂಟೆ. ಗ್ರೂಪ್ ಏರಿದ ಹಾಗೆ ಫೀಸೂ ಏರುತ್ತದೆ.

ಸೇರುವಾಗ ಟ್ರೈಔಟ್ ಇತ್ತು. ಹತ್ತು ನಿಮಿಷವೂ ಹಿಡಿಯಲಿಲ್ಲ. ಫ್ರೀಸ್ಟೈಲ್‌ನಲ್ಲಿ ಒಂದು ಉದ್ದ, ಬ್ಯಾಕ್‌ಸ್ಟ್ರೋಕ್‌ನಲ್ಲಿ ಒಂದು ಉದ್ದ, ಅಷ್ಟೆ. ಮಗಳು ಜೋರಾಗಿ ಈಜಿ ಪಕ್ಕದ ಹುಡುಗನಿಗಿಂತ ಮುಂಚೆ ಗೋಡೆ ಮುಟ್ಟಿದಳು. ನಾನು ಸುಮ್ನೆ ಒಳಗೊಳಗೇ ಹಿಗ್ಗಿದೆ. ಆದರೆ ಕೋಚ್ ಕೈಯಲ್ಲಿ ಸ್ಟಾಪ್‌ವಾಚೇ ಇರಲಿಲ್ಲ. ಅವರು ನೋಡುತ್ತಿದ್ದದ್ದು ಬೇರೆ. ಉಸಿರಿಗೆ ತಲೆ ಮೇಲೆತ್ತುತ್ತಾಳೋ, ಪಕ್ಕಕ್ಕೆ ತಿರುಗಿಸುತ್ತಾಳೋ. ಗೋಡೆ ತಳ್ಳಿದ ಮೇಲೆ ಎರಡೂ ಕೈ ಕಿವಿಗೆ ಒತ್ತಿಕೊಂಡು ಬಾಣದ ಹಾಗೆ ಹೋಗುತ್ತಾಳೋ ಇಲ್ಲವೋ. ಹೇಳಿದ್ದನ್ನು ಒಂದೇ ಸಲಕ್ಕೆ ಕೇಳಿಸಿಕೊಳ್ಳುತ್ತಾಳೋ. ಹಿಂದೆ ಬಿದ್ದ ಆ ಹುಡುಗ ಸಿಲ್ವರ್‌ಗೆ ಹೋದ, ಇವಳು ಬ್ರಾಂಜ್‌ಗೆ. ಗ್ರೂಪ್ ವೇಗದ ಮೇಲೆ ಅಲ್ಲ ಅನ್ನುವುದು ನನಗೆ ಅವತ್ತೇ ಅರ್ಥವಾಗಬೇಕಿತ್ತು. ಆಗಲಿಲ್ಲ. ಮೂರು ವರ್ಷ ಬೇಕಾಯಿತು.

ಅದಕ್ಕೆ ಅರ್ಧ ಕಾರಣ ಟೈಮ್ ಪಟ್ಟಿ. ಯುಎಸ್‌ಎ ಸ್ವಿಮ್ಮಿಂಗ್ ಸಂಸ್ಥೆ ಪ್ರತಿ ವಯಸ್ಸಿಗೂ ಪ್ರತಿ ಈಜಿಗೂ ಬಿ, ಬಿಬಿ, ಎ, ಎಎ, ಎಎಎ, ಎಎಎಎ ಎಂದು ಆರು ಮೆಟ್ಟಿಲು ಮಾಡಿದೆ. ಕೊನೆಯದು ಅತಿ ವೇಗದವರಿಗೆ. ಒಲಿಂಪಿಕ್ಸ್ ಲೆಕ್ಕದಲ್ಲಿ ನಾಲ್ಕು ವರ್ಷಕ್ಕೊಮ್ಮೆ ಪಟ್ಟಿ ಬದಲಾಗುತ್ತದೆ. ಈಗ ಚಾಲ್ತಿಯಲ್ಲಿರುವುದು 2024ರಿಂದ 2028ರದ್ದು. ನಮ್ಮ ಕ್ಲಬ್‌ನ ಕೈಪಿಡಿಯಲ್ಲಿ ಗೋಲ್ಡ್ ಗ್ರೂಪ್ ಎದುರು 'ಕೆಲವು ಈಜುಗಳಲ್ಲಿ ಬಿಬಿ ಟೈಮ್' ಅಂತ ಬರೆದಿದೆ. ಅಪ್ಪ ಅಮ್ಮಂದಿರ ಕಣ್ಣು ಅಲ್ಲೇ ನೆಡುತ್ತದೆ. ಅದೇ ಸಾಲಿನಲ್ಲಿ ಮುಂದೆ 'ಕೋಚ್ ನಿರ್ಧಾರವೇ ಅಂತಿಮ' ಅಂತ ಇರುವುದನ್ನು ಯಾರೂ ಓದುವುದಿಲ್ಲ. ನಾನಂತೂ ಓದಿರಲಿಲ್ಲ.

ಈ ಪಟ್ಟಿಯ ಇನ್ನೊಂದು ಆಟ ಕೇಳಿ. ಹತ್ತು ವರ್ಷ ಮತ್ತು ಒಳಗಿನವರು ಒಂದು ವರ್ಗ, ಹನ್ನೊಂದು ಹನ್ನೆರಡು ಒಂದು ವರ್ಗ, ಹದಿಮೂರು ಹದಿನಾಲ್ಕು ಮತ್ತೊಂದು. ಮೀಟ್‌ನ, ಅಂದರೆ ಈಜು ಸ್ಪರ್ಧೆಯ, ಮೊದಲ ದಿನ ಮಗುವಿಗೆ ಎಷ್ಟು ವಯಸ್ಸೋ ಅದೇ ಲೆಕ್ಕ. ಭಾರತದಲ್ಲಿ ಡಿಸೆಂಬರ್ 31ರ ಲೆಕ್ಕ, ಒಂದೇ ವರ್ಷ ಹುಟ್ಟಿದವರೆಲ್ಲ ಒಟ್ಟಿಗೆ ಏರುತ್ತಾರೆ. ಇಲ್ಲಿ ಹುಟ್ಟುಹಬ್ಬವೇ ಗಡಿ. ಮಗಳಿಗೆ 50 ಯಾರ್ಡ್ ಫ್ರೀಸ್ಟೈಲ್‌ನಲ್ಲಿ ಎ ಟೈಮ್ ಇತ್ತು. 2023ರ ನವೆಂಬರ್‌ನಲ್ಲಿ ಹನ್ನೊಂದು ತುಂಬಿತು. ಕೇಕ್ ಕತ್ತರಿಸಿದ್ದು ಎ ಹುಡುಗಿ, ಮಾರನೇ ದಿನ ಎದ್ದದ್ದು ಬಿಬಿ ಹುಡುಗಿ. ಒಂದು ಸೆಕೆಂಡೂ ನಿಧಾನವಾಗಿರಲಿಲ್ಲ ಅವಳು! ಆ ವಯಸ್ಸಿನಲ್ಲಿ ಕೆಲವು ಹುಡುಗಿಯರು ಒಂದೇ ವರ್ಷದಲ್ಲಿ ಗೇಣುದ್ದ ಬೆಳೆದಿರುತ್ತಾರೆ. ನಮ್ಮವಳು ಅವರ ಪಕ್ಕ ನಿಂತರೆ ಯಾರದೋ ತಂಗಿ ಬಂದ ಹಾಗೆ ಕಾಣುತ್ತಿದ್ದಳು. ಟೈಮನ್ನೇ ನಂಬಿ ಗ್ರೂಪ್ ಮಾಡಿದರೆ ಬೇಗ ಬೆಳೆದವರೆಲ್ಲ ಮೇಲೆ, ಉಳಿದವರೆಲ್ಲ ಕೆಳಗೆ. ಕೋಚ್‌ಗಳು ಟೈಮನ್ನು ಪೂರ್ತಿ ನಂಬದಿರಲು ಇದೂ ಒಂದು ಕಾರಣ ಅಂತ ಆಮೇಲೆ ತಿಳಿಯಿತು.

ಈಗ ನನ್ನ ಮುಖ್ಯ ದೂರಿಗೆ ಬರುತ್ತೇನೆ. 2024ರ ಆಗಸ್ಟ್ ಕೊನೆಗೆ ಹೊಸ ಸೀಸನ್‌ನ ಗ್ರೂಪ್ ಇಮೇಲ್ ಬಂತು. 'ನಿಮ್ಮ ಮಗಳು: ಸಿಲ್ವರ್.' ಅಷ್ಟೇ. ಅವಳು ಸಿಲ್ವರ್‌ನಲ್ಲಿ ಆಗಲೇ ಎರಡು ವರ್ಷ ಕಳೆದಿದ್ದಳು. ಅವಳಿಗಿಂತ ನಿಧಾನವಾದ ಗೆಳತಿಗೆ ಗೋಲ್ಡ್ ಸಿಕ್ಕಿತ್ತು. ಮಗಳು ರೂಮಿನ ಬಾಗಿಲು ಹಾಕಿಕೊಂಡಳು. ಅದೇ ವಾರ ಮೈಸೂರಿನಿಂದ ಅವಳ ತಾತ ಫೋನ್ ಮಾಡಿದರು. "ಬೆಂಗಳೂರಿನ ಧಿನಿಧಿ ಹದಿನಾಲ್ಕು ವರ್ಷಕ್ಕೇ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಈಜಿ ಬಂದ್ಲು, ನಮ್ಮ ಪುಟ್ಟಿ ಎಲ್ಲಿಗೆ ಬಂದ್ಲಮ್ಮಾ?" ಅಂದರು. ಪುಟ್ಟಿ ಸಿಲ್ವರ್‌ನಲ್ಲೇ ಇದ್ದಾಳೆ ಅಂದೆ. "ಬೆಳ್ಳೀನಾ, ಪರವಾಗಿಲ್ವೇ!" ಅಂತ ಖುಷಿಪಟ್ಟರು. ನಾನು ತಿದ್ದಲು ಹೋಗಲಿಲ್ಲ.

ಕ್ಲಬ್‌ಗೆ ಇಮೇಲ್ ಬರೆದೆ. ಐದು ದಿನ ಉತ್ತರವಿಲ್ಲ. ಕೊನೆಗೆ ಕೋಚ್ ಸಿಕ್ಕಿ, "ಗುರುವಾರ ಬನ್ನಿ, ಗ್ಯಾಲರಿಯಲ್ಲಿ ಕೂತು ಗೋಡೆಯ ಗಡಿಯಾರ ನೋಡಿ" ಅಂದರು. ಆ ಗುರುವಾರ ನಾನು ಕಲಿತಷ್ಟು ಮೂರು ವರ್ಷದ ಇಮೇಲ್‌ಗಳಿಂದ ಕಲಿತಿರಲಿಲ್ಲ.

ನಮ್ಮದು 25 ಯಾರ್ಡ್ ಪೂಲ್, ಅಂದರೆ 22.86 ಮೀಟರ್. ಆರು ಲೇನ್. ಎರಡು ಲೇನ್ ಸಾರ್ವಜನಿಕರಿಗೆ, ನಾಲ್ಕು ಕ್ಲಬ್‌ಗೆ. ಒಂದೊಂದರಲ್ಲಿ ಆರೇಳು ಮಕ್ಕಳು. ಎಲ್ಲರೂ ಲೇನ್‌ನ ಬಲಗಡೆ ಹಿಡಿದು ಹೋಗಿ ಇನ್ನೊಂದು ಬದಿಯಿಂದ ವಾಪಸ್ಸು ಬರುತ್ತಾರೆ. ಒಬ್ಬರ ಹಿಂದೆ ಒಬ್ಬರು ಐದೈದು ಸೆಕೆಂಡ್ ಬಿಟ್ಟು ಹೊರಡುತ್ತಾರೆ. ಅವತ್ತು ಗೋಲ್ಡ್ ಗ್ರೂಪ್‌ಗೆ ಕೊಟ್ಟ ಕೆಲಸ: ಹತ್ತು ಸಲ 100 ಯಾರ್ಡ್, ಒಂದೂವರೆ ನಿಮಿಷದ ಇಂಟರ್ವಲ್. ಅಂದರೆ ನೀವು ಎಷ್ಟೊತ್ತಿಗೆ ಮುಗಿಸಿದರೂ ಸರಿ, ಒಂದೂವರೆ ನಿಮಿಷಕ್ಕೆ ಸರಿಯಾಗಿ ಮತ್ತೆ ಗೋಡೆ ಬಿಡಬೇಕು. 1:20ಕ್ಕೆ ಬಂದರೆ ಹತ್ತು ಸೆಕೆಂಡ್ ಉಸಿರಾಡಲು ಸಿಗುತ್ತದೆ. 1:29ಕ್ಕೆ ಬಂದರೆ ಉಸಿರೂ ಇಲ್ಲ, ಏನೂ ಇಲ್ಲ. ಸಿಲ್ವರ್‌ಗೆ ಇದೇ ಕೆಲಸ 1:45ಕ್ಕೆ, ಆರೇ ಸಲ.

ನಮ್ಮ ಮಗಳು ಮೀಟ್‌ನಲ್ಲಿ 100 ಯಾರ್ಡನ್ನು 1:10ಕ್ಕೆ ಮುಗಿಸುತ್ತಿದ್ದಳು. ಅದು ಒಂದು ಸಲ, ಚೆನ್ನಾಗಿ ತಿಂದು, ಮಲಗಿ, ಎಲ್ಲರೂ ಕೂಗುತ್ತಿರುವಾಗ. ತಾಲೀಮಿನಲ್ಲಿ ಅವಳ ಮೊದಲನೆಯದು 1:16. ನಾಲ್ಕನೆಯದು 1:27. ಆರನೆಯದು 1:33. ನಾನೇ ಎಣಿಸಿದೆ. ಗೋಲ್ಡ್‌ಗೆ ಹಾಕಿದ್ದರೆ ಆರನೆಯದಕ್ಕೇ ರೈಲು ತಪ್ಪುತ್ತಿತ್ತು. ಆಗ ಅವಳೊಬ್ಬಳಿಗೆ ಕಷ್ಟವಲ್ಲ, ಹಿಂದಿನ ನಾಲ್ವರಿಗೂ ಕಷ್ಟ. ಚಾರ್ಮಾಡಿ ಘಾಟಿಯಲ್ಲಿ ಲಾರಿ ಹಿಂದೆ ಸಿಕ್ಕಿಕೊಂಡ ಕಾರುಗಳನ್ನು ನೆನೆಸಿಕೊಳ್ಳಿ. ಆ ಗೆಳತಿಯ ರೇಸ್ ಟೈಮ್ 1:13. ಆದರೆ ಅವಳ ಮೊದಲನೆಯದು 1:19, ಕೊನೆಯದು 1:21. ಗಡಿಯಾರ ನುಂಗಿದ ಹಾಗೆ ಈಜುತ್ತಾಳೆ ಹುಡುಗಿ.

ಇನ್ನೊಂದು ವಿಷಯ ಬ್ರೆಸ್ಟ್‌ಸ್ಟ್ರೋಕ್. ಮಗಳ ಎಡಗಾಲಿನ ಪಾದ ಹೊರಗೆ ತಿರುಗುತ್ತಿರಲಿಲ್ಲ, ಕತ್ತರಿಯ ಹಾಗೆ ಆಡುತ್ತಿತ್ತು. ಅದಕ್ಕೆ ಎರಡು ಮೀಟ್‌ಗಳಲ್ಲಿ ಅವಳನ್ನು ಡಿಸ್‌ಕ್ವಾಲಿಫೈ ಮಾಡಿದ್ದರು. ನಾಲ್ಕೂ ಸ್ಟ್ರೋಕ್ ಬರುವ 200 ಯಾರ್ಡ್ ಐಎಂ (ಇಂಡಿವಿಜುವಲ್ ಮೆಡ್ಲೆ) ಅನ್ನು ನಿಯಮ ತಪ್ಪದೆ ಮುಗಿಸದವರನ್ನು ಗೋಲ್ಡ್‌ಗೆ ತೆಗೆದುಕೊಳ್ಳುವುದಿಲ್ಲವಂತೆ. ಯಾಕಂದ್ರೆ ಅಲ್ಲಿ ದಿನಕ್ಕೆ ಈಜುವ ದೂರ ಜಾಸ್ತಿ. ತಪ್ಪು ಒದೆತವನ್ನು ದಿನಕ್ಕೆ ಸಾವಿರ ಸಲ ಒದ್ದರೆ ಅದೇ ಗಟ್ಟಿಯಾಗುತ್ತದೆ, ಮಂಡಿಯೂ ನೋಯುತ್ತದೆ. ಮೂರನೆಯದು ಹಾಜರಿ. ಗೋಲ್ಡ್‌ನಲ್ಲಿ ವಾರಕ್ಕೆ ನಾಲ್ಕು ದಿನವಾದರೂ ಬರಲೇಬೇಕು. ಮಗಳಿಗೆ ಮಂಗಳವಾರ ಭರತನಾಟ್ಯ, ಶುಕ್ರವಾರ ಒಮ್ಮೊಮ್ಮೆ ಯಾರದಾದರೂ ಮನೆಯ ಊಟ. ಅದು ನನ್ನದೇ ತಪ್ಪು, ಒಪ್ಪುತ್ತೇನೆ.

ಇಷ್ಟೆಲ್ಲ ಸರಿಯೇ. ಕೋಚ್ ತೀರ್ಮಾನ ತಪ್ಪಿರಲಿಲ್ಲ. ನನ್ನ ಸಿಟ್ಟು ಇರುವುದು, ಇದನ್ನು ಯಾಕೆ ಮೊದಲೇ ಹೇಳಲಿಲ್ಲ ಅಂತ. 'ಎಡಗಾಲಿನ ಒದೆತ ಸರಿಯಾಗಲಿ, 100 ಯಾರ್ಡನ್ನು 1:30ರಲ್ಲಿ ಎಂಟು ಸಲ ಮಾಡಲಿ, ಆಮೇಲೆ ನೋಡೋಣ' ಅಂತ ಎರಡು ಸಾಲು ಬರೆದಿದ್ದರೆ ಹನ್ನೊಂದು ವರ್ಷದ ಮಗು ಬಾಗಿಲು ಹಾಕಿಕೊಂಡು ಅಳುತ್ತಿರಲಿಲ್ಲ. ನೂರಾರು ಮಕ್ಕಳಿದ್ದಾರೆ, ಎಲ್ಲರಿಗೂ ಬರೆಯಲು ಆಗುವುದಿಲ್ಲ ಅನ್ನುತ್ತಾರೆ. ಫೀಸಿನ ಬಿಲ್ ಮಾತ್ರ ಎಲ್ಲರಿಗೂ ತಪ್ಪದೆ ಬರುತ್ತದೆ ಅಲ್ವಾ?

ಅವಳು ಗೋಲ್ಡ್‌ಗೆ ಹೋದದ್ದು ಸೆಪ್ಟೆಂಬರ್‌ನಲ್ಲಿ ಅಲ್ಲ, ಡಿಸೆಂಬರ್‌ನಲ್ಲಿ. ಅದಕ್ಕೆ ಅವಳ ಶ್ರಮ ಎಷ್ಟು ಕಾರಣವೋ ಜಾಗವೂ ಅಷ್ಟೇ ಕಾರಣ. ನ್ಯೂಜೆರ್ಸಿಯಲ್ಲಿ ಹೈಸ್ಕೂಲ್ ಈಜಿನ ಸೀಸನ್ ಚಳಿಗಾಲದಲ್ಲಿ. ದೊಡ್ಡ ಮಕ್ಕಳು ಶಾಲೆಯ ತಂಡದ ಜೊತೆ ಹೋದರೆ ಸೀನಿಯರ್ ಲೇನ್‌ಗಳು ಸಡಿಲವಾಗುತ್ತವೆ, ಗೋಲ್ಡ್‌ನ ಕೆಲವರು ಮೇಲೆ ಸರಿಯುತ್ತಾರೆ, ಸಿಲ್ವರ್‌ಗೆ ಬಾಗಿಲು ತೆರೆಯುತ್ತದೆ. ಮಗು ತಯಾರಿದ್ದೂ ಲೇನ್ ತುಂಬಿದ್ದರೆ ಕಾಯಬೇಕು. ಇದನ್ನು ಯಾವ ಕೈಪಿಡಿಯಲ್ಲೂ ಬರೆಯುವುದಿಲ್ಲ. ಆದ್ದರಿಂದ ಸೇರುವ ಮೊದಲು 'ಟೈಮ್ ಎಷ್ಟು ಬೇಕು' ಅಂತ ಕೇಳಬೇಡಿ. ಒಂದು ಲೇನ್‌ಗೆ ಎಷ್ಟು ಮಕ್ಕಳು, ಸೀಸನ್ ಮಧ್ಯದಲ್ಲಿ ಗ್ರೂಪ್ ಬದಲಿಸುತ್ತೀರಾ, ಮೇಲಿನ ಗ್ರೂಪ್‌ನ ಇಂಟರ್ವಲ್ ಎಷ್ಟು ಅಂತ ಕೇಳಿ. ಆಮೇಲೆ ಒಂದು ಸಂಜೆ ಗ್ಯಾಲರಿಯಲ್ಲಿ ಕೂರಿ. ಸೆಖೆ, ಕ್ಲೋರಿನ್ ವಾಸನೆ, ಸ್ವೆಟರ್ ಬಿಚ್ಚಿ ಕೂರಬೇಕು. ಆದರೂ ಕೂರಿ.

ಗೋಲ್ಡ್‌ನಲ್ಲಿ ಮೊದಲ ಎರಡು ವಾರ ಪ್ರಯೋಗ. ಲೇನ್‌ನ ಕೊನೆಯಲ್ಲಿ ಹೊರಡುತ್ತಿದ್ದಳು, ಊಟ ಮಾಡುತ್ತಲೇ ನಿದ್ದೆ ಹೋಗುತ್ತಿದ್ದಳು. ಭರತನಾಟ್ಯವನ್ನು ಭಾನುವಾರಕ್ಕೆ ಹಾಕಿಸಿದೆವು. ಗುರುಗಳು ಒಪ್ಪಿದ್ದು ದೊಡ್ಡ ಮಾತು.

ಮಗನದು ಹೆಚ್ಚು ಹೇಳುವಂಥದ್ದಿಲ್ಲ. ಎರಡು ವರ್ಷದಿಂದ ಬ್ರಾಂಜ್. ಟೈಮ್ ಇದೆ, ಒದೆತ ಸರಿಯಿದೆ, ಕೋಚ್ ಮಾತಾಡುವಾಗ ನೀರಿನಡಿ ಹೋಗಿ ಕೂರುತ್ತಾನೆ. ಈ ಸಲ ಇಮೇಲ್ ಬರುವ ಮೊದಲೇ ನಾನು ಕೋಚ್‌ನ ಕೇಳಿದೆ. "ಕೇಳಿಸಿಕೊಳ್ಳುವುದನ್ನು ಕಲಿತ ದಿನ ಸಿಲ್ವರ್" ಅಂದರು. ಅವನಿಗೆ ಹೇಳಿದರೆ, "ಅಮ್ಮಾ, ಸಿಲ್ವರ್‌ನಲ್ಲಿ ನನ್ನ ಫ್ರೆಂಡ್ಸ್ ಯಾರೂ ಇಲ್ಲ" ಅಂತ ಗಾಗಲ್ಸ್ ಹಾಕಿಕೊಂಡು ಹೋದ.

ಐದಕ್ಕೆ ನಾಲ್ಕು ಕೊಡುತ್ತೇನೆ. ಕಳೆದ ಒಂದು ಆ ಒಂದು ಸಾಲಿನ ಇಮೇಲ್‌ಗೆ. 2025ರ ಸೀಸನ್‌ಗೂ ಇಬ್ಬರ ಹಣ ಕಟ್ಟಿದ್ದೇವೆ. ಮೀಟ್‌ಗಳಲ್ಲಿ ಸ್ಟಾಪ್‌ವಾಚ್ ಹಿಡಿದು ಟೈಮರ್ ಆಗಿ ನಿಲ್ಲುವ ಸರದಿಯೂ ಈ ಸಲ ನಮ್ಮ ಮನೆಯವರದ್ದು.