ಆರು ಸಲವೂ 60 ಕೆವಿ ಅಂತ ಬರೆದ ಬಿಡಿವಿ ರಿಪೋರ್ಟ್‌ಗೆ ಸಹಿ ಹಾಕಬೇಡಿ

ಟ್ರಾನ್ಸ್‌ಫಾರ್ಮರ್ ಆಯಿಲ್ ಫಿಲ್ಟರ್ ಮಾಡಿಸಿ, ಅಲ್ಲೇ ಬಿಡಿವಿ ಟೆಸ್ಟ್ ಮಾಡಿಸಿ ದುಡ್ಡು ಕೊಡುವವರು ದಯವಿಟ್ಟು ಇದನ್ನು ಓದಿ. ಬಿಡಿವಿ ಅಂದರೆ ಬ್ರೇಕ್‌ಡೌನ್ ವೋಲ್ಟೇಜ್: ಕಪ್‌ಗೆ ಆಯಿಲ್ ಹಾಕಿ, ಅದರೊಳಗಿನ ಎರಡು ಎಲೆಕ್ಟ್ರೋಡ್ ಮಧ್ಯೆ ವೋಲ್ಟೇಜ್ ಏರಿಸುತ್ತಾ ಹೋದರೆ ಎಷ್ಟು ಕೆವಿಗೆ (ಸಾವಿರ ವೋಲ್ಟ್) ಕಿಡಿ ಹೊಡೆಯುತ್ತದೆ ಅನ್ನುವ ಅಂಕಿ, ಹೆಚ್ಚು ಬಂದಷ್ಟೂ ಒಳ್ಳೇದು. ನಮ್ಮ 250 ಕೆವಿಎ, 11 ಕೆವಿ ಟ್ರಾನ್ಸ್‌ಫಾರ್ಮರ್‌ಗೆ ಒಬ್ಬ ಕಂಟ್ರಾಕ್ಟರ್ ಕೊಟ್ಟ ರಿಪೋರ್ಟ್ ಹೀಗಿತ್ತು: 60, 60, 60, 60, 60, 60. ಸರಾಸರಿ 60. ಕೆಲಸ ಗೊತ್ತಿದ್ದವನೇ ನಿಂತು ನೋಡಿ ಅದಕ್ಕೆ ಸಹಿ ಹಾಕಿದ್ದೇನೆ. ಆ ನಾಚಿಕೆ ಇನ್ನೂ ಹೋಗಿಲ್ಲ.

ಒಂದೇ ಆಯಿಲ್‌ನಲ್ಲಿ ಆರು ಸಲ ಬ್ರೇಕ್‌ಡೌನ್ ಮಾಡಿದರೆ ಆರೂ ಅಂಕಿ ಒಂದೇ ಬರುವುದಿಲ್ಲ. ಏರಿಳಿತ ಇದ್ದೇ ಇರುತ್ತದೆ, ಅದಕ್ಕೇ ಸರಾಸರಿ ತೆಗೆಯುವುದು. ಕೇಳಿದ್ದಕ್ಕೆ, "ಆರೂ ಸಲ 60 ಬಂದಿದೆ ಅಂದ್ರೆ ಅಷ್ಟು ಒಳ್ಳೇ ಆಯಿಲ್ ಸಾರ್" ಅಂದ.

ರಾತ್ರಿ ಮೊಬೈಲ್‌ನಲ್ಲಿದ್ದ ವಿಡಿಯೋ ಮತ್ತೆ ನೋಡಿದಾಗ ಹೊಟ್ಟೆ ಉರಿಯಿತು. ಕಪ್‌ಗೆ ಆಯಿಲ್ ಸುರಿದು ಆರನೇ ರೀಡಿಂಗ್ ಬರೆಯುವವರೆಗೆ ಒಟ್ಟು ಆರು ನಿಮಿಷ! ಈ ಟೆಸ್ಟಿನ ಭಾರತೀಯ ಮಾನದಂಡ ಐಎಸ್ 6792 ಪ್ರಕಾರ ಸುರಿದ ಮೇಲೆ ಐದು ನಿಮಿಷ ಬಿಡಬೇಕು, ಗುಳ್ಳೆ ಹೋಗಬೇಕು. ವೋಲ್ಟೇಜ್ ಸೆಕೆಂಡಿಗೆ 2 ಕೆವಿಯಂತೆ ಏರಬೇಕು, ಅಂದರೆ 60ಕ್ಕೆ ಹೋಗಲು ಅರ್ಧ ನಿಮಿಷ. ಪ್ರತಿ ಶಾಟ್ (ಒಂದು ಸಲದ ಬ್ರೇಕ್‌ಡೌನ್) ಮಧ್ಯೆ ಎರಡು ನಿಮಿಷ ಬಿಡುವು. ಲೆಕ್ಕ ಹಾಕಿ, ಹದಿನೆಂಟು ನಿಮಿಷ ಆಗಲೇಬೇಕು. ಆರು ನಿಮಿಷದಲ್ಲಿ ಮುಗಿಸಿದ್ದಾನೆ. ಆಯಿಲ್ ಮೇಲೆ ಗುಳ್ಳೆ ಇನ್ನೂ ತೇಲುತ್ತಿದ್ದಾಗಲೇ ಎಚ್‌ವಿ (ಹೈ ವೋಲ್ಟೇಜ್) ಬಟನ್ ಒತ್ತಿದ್ದಾನೆ, ವಿಡಿಯೋದಲ್ಲಿ ಸ್ಪಷ್ಟ ಕಾಣುತ್ತದೆ.

ಅದಕ್ಕಿಂತ ದೊಡ್ಡದು: ಒಂದು ಸಲವೂ "ಚಟ್" ಅನ್ನುವ ಶಬ್ದ ಇಲ್ಲ. ಕಿಡಿ ಇಲ್ಲ. ಗುಳ್ಳೆ ಇರುವ ಆಯಿಲ್ ಬೇಗ ಹೊಡೆಯಬೇಕು, ಇಲ್ಲಿ ಹೊಡೆದೇ ಇಲ್ಲ. ಆ ಟೆಸ್ಟ್ ಕಿಟ್‌ನ ಗರಿಷ್ಠವೇ 60 ಕೆವಿ. ಅಂದರೆ ಅವನು ಬರೆದದ್ದು ಆಯಿಲ್‌ನ ರೀಡಿಂಗ್ ಅಲ್ಲ, ಮೀಟರ್‌ನ ಕೊನೇ ಗೆರೆ.

ಮಾರನೇ ದಿನ ಮಷೀನ್ ಒಯ್ಯಲು ಬಂದಾಗ ಕಪ್ ಈಚೆ ತೆಗೆಸಿದೆ. ಎಲೆಕ್ಟ್ರೋಡ್ ಮಧ್ಯೆ ಗ್ಯಾಪ್ 2.5 ಎಂಎಂ ಇರಬೇಕು, ಆ ಅಳತೆಯ ಗೇಜ್ ಲೊಡಲೊಡ ಆಡುತ್ತಿತ್ತು. 4 ಎಂಎಂ ಡ್ರಿಲ್ ಬಿಟ್‌ನ ನಯವಾದ ಹಿಂಬದಿ ಸಲೀಸಾಗಿ ತೂರಿತು. ಗ್ಯಾಪ್ ಅಷ್ಟು ಅಗಲ ಇಟ್ಟರೆ ಕಳಪೆ ಆಯಿಲ್ ಕೂಡ ತಡೆದುಕೊಳ್ಳುತ್ತದೆ!

"ಬೈಕಲ್ಲಿ ತರೋವಾಗ ಅಲ್ಲಾಡಿರ್ಬೇಕು ಸಾರ್." ಲಾಕ್ ನಟ್ ಬಿಗಿಯಾಗಿಯೇ ಇತ್ತು.

ಸ್ಯಾಂಪಲ್ ಕೂಡ ಮೋಸವೇ. ಟ್ಯಾಂಕ್‌ನ ಕೆಳಗಿನ ವಾಲ್ವ್‌ನಿಂದ ಹಿಡಿಯದೆ ಫಿಲ್ಟರ್ ಮಷೀನ್‌ನ ಔಟ್‌ಲೆಟ್‌ನಿಂದ ಹಿಡಿದಿದ್ದ, ಅದೂ ಬಿಸಿಬಿಸಿ. ಬಿಸಿ ಆಯಿಲ್ ಹೆಚ್ಚು ನೀರನ್ನು ಕರಗಿಸಿಟ್ಟುಕೊಳ್ಳುತ್ತದೆ, ಹಾಗಾಗಿ ರೀಡಿಂಗ್ ಮೇಲೇ ತೋರಿಸುತ್ತದೆ. ಅದೇ ಆಯಿಲ್ ತಣ್ಣಗಾದರೆ ಇಳಿಯುತ್ತದೆ. ಸುತ್ತಲಿನ ಉಷ್ಣಾಂಶಕ್ಕೂ ಆಯಿಲ್‌ಗೂ 5 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು.

ಅವನ ಕಿಟ್‌ನಲ್ಲೇ ಗ್ಯಾಪ್ 2.5ಕ್ಕೆ ಕೂರಿಸಿದೆ. ಕೆಳಗಿನ ವಾಲ್ವ್‌ನ ಮೊದಲ ಒಂದು ಲೀಟರ್ ಚೆಲ್ಲಿ, ಒಣಗಿದ ಗಾಜಿನ ಬಾಟಲಿಯನ್ನು ಅದೇ ಆಯಿಲ್‌ನಲ್ಲಿ ಎರಡು ಸಲ ಜಾಲಾಡಿಸಿ, ತಣ್ಣಗಿದ್ದ ಆಯಿಲ್ ಹಿಡಿದು, ಗಡಿಯಾರ ಇಟ್ಟುಕೊಂಡು ಮಾಡಿದೆವು: 22, 27, 19, 24, 26, 23. ಸರಾಸರಿ 23.5. ಪ್ರತಿ ಸಲವೂ ಚಟ್ ಅಂತು. ಬಳಕೆಯಲ್ಲಿರುವ 11 ಕೆವಿ ಟ್ರಾನ್ಸ್‌ಫಾರ್ಮರ್‌ಗೆ 30ಕ್ಕಿಂತ ಕೆಳಗೆ ಬಂದರೆ ಫೇಲ್.

ಫಿಲ್ಟರ್ ಆಗಿರಲೇ ಇಲ್ಲ ಅಂತ ಕಾಣುತ್ತದೆ. ಮಷೀನ್ ಓಡುವಾಗ ವ್ಯಾಕ್ಯೂಮ್ ಗೇಜ್‌ನ ಮುಳ್ಳು ಸೊನ್ನೆ ಬಿಟ್ಟು ಅಲುಗಾಡಿರಲಿಲ್ಲ. ವ್ಯಾಕ್ಯೂಮ್ ಇಲ್ಲದೆ ಕಸ ಹೋಗಬಹುದು, ಕರಗಿರುವ ನೀರು ಹೋಗಲ್ಲ.

"ಎಲ್ಲಾ ಕಡೆ ಹೀಗೇ ಮಾಡೋದು, ಯಾರೂ ಕೇಳಲ್ಲ" ಅಂದ. ಕ್ಯಾಲಿಬ್ರೇಷನ್ ಸರ್ಟಿಫಿಕೇಟ್ ಕೇಳಿದರೆ "ಆಫೀಸಲ್ಲಿದೆ, ವಾಟ್ಸಾಪ್ ಮಾಡ್ತೀನಿ". ಬಂದದ್ದು ಬೇರೆ ಸೀರಿಯಲ್ ನಂಬರಿನ ಕಿಟ್‌ನದು.

ನೀವು ಮಾಡಿಸುವಾಗ ಗೇಜ್ ನಿಮ್ಮ ಕೈಯಲ್ಲೇ ಇರಲಿ, ಕಪ್‌ಗೆ ಆಯಿಲ್ ಹಾಕುವ ಮೊದಲೇ ಗ್ಯಾಪ್ ನೋಡಿ. ಸ್ಯಾಂಪಲ್ ನೀವೇ ಹಿಡಿಯಿರಿ, ಮಳೆ ಹನಿಯುವಾಗ ಬೇಡ. ಇನ್ನೊಂದು ಬಾಟಲಿ ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬ್‌ಗೆ ಕಳಿಸಿ, ಆ ರಿಪೋರ್ಟ್ ಬರುವವರೆಗೆ ಬಾಕಿ ದುಡ್ಡು ಕೊಡಬೇಡಿ. ನಾನು ಅರ್ಧ ಕೊಟ್ಟಾಗಿತ್ತು. ಉಳಿದರ್ಧಕ್ಕೆ ಈಗ ದಿನಾ ಫೋನ್ ಮಾಡುತ್ತಿದ್ದಾನೆ, "ನೀವೇ ಸಹಿ ಹಾಕಿದೀರಲ್ಲ ಸಾರ್" ಅಂತ.