ಪ್ಯಾರಿಸ್‌ನ ವಾಂವ್ ಸಂತೆ: ಹಳೆಯ ಲಿನನ್, ದಾರ, ಚಮಚ ಹುಡುಕುವವರಿಗೆ

ಪ್ಯಾರಿಸ್‌ನಲ್ಲಿ ಹಳೆಯ ಸಾಮಾನುಗಳ ಸಂತೆ ನೋಡಬೇಕು, ಎಲ್ಲಿಗೆ ಹೋಗಲಿ ಎಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವ ಹೆಸರು ನಗರದ ದಕ್ಷಿಣ ಅಂಚಿನ ವಾಂವ್. ಹೆಸರಿನಲ್ಲಿ, ವಿಸ್ತಾರದಲ್ಲಿ, ಪ್ರವಾಸಿಗರ ದಟ್ಟಣೆಯಲ್ಲಿ ಉತ್ತರದ ಸಾಂತ್-ಉವಾಂ ಇದಕ್ಕಿಂತ ಎಷ್ಟೋ ದೊಡ್ಡದು. ಆದರೆ ಮನೆಗಳಲ್ಲಿ ಬಳಸಿ ಪಳಗಿದ ವಸ್ತುವನ್ನು ಕೈಯಲ್ಲಿ ಹಿಡಿದು, ತಿರುಗಿಸಿ ನೋಡಿ, ಕೈಗೆಟುಕುವ ಬೆಲೆಗೆ ಕೊಂಡು, ಅದೇ ರಾತ್ರಿ ಊಟದ ಮೇಜಿನ ಮೇಲೆ ಇಡಬೇಕು ಎನ್ನುವವರಿಗೆ ವಾಂವ್‌ಗೆ ಸಮನಾದ ಜಾಗ ಈ ನಗರದಲ್ಲಿ ನನಗೆ ಸಿಕ್ಕಿಲ್ಲ. ನಾನು ಕಸೂತಿ ಮಾಡುವವಳು. ಹಳೆಯ ಲಿನನ್ ಬಟ್ಟೆ, ದಾರದ ಲಡಿ, ಹೊಲಿಗೆಯ ಪೆಟ್ಟಿಗೆ ನನ್ನ ಮುಖ್ಯ ಹುಡುಕಾಟ. ಚಮಚಗಳ ಮೇಲಿನ ಆಸೆ ಆಮೇಲೆ ಬಂದದ್ದು. ಪೀಠೋಪಕರಣ, ವರ್ಣಚಿತ್ರ, ಗಡಿಯಾರಗಳ ವಿಷಯದಲ್ಲಿ ನನ್ನ ಮಾತಿಗೆ ತೂಕವಿಲ್ಲ, ಅವುಗಳ ಬಗ್ಗೆ ಇಲ್ಲಿ ಬರೆಯುವುದೂ ಇಲ್ಲ.

ಸಂತೆ ನಡೆಯುವುದು ಶನಿವಾರ ಮತ್ತು ಭಾನುವಾರ ಮಾತ್ರ. 13ನೇ ಮೆಟ್ರೊ ಮಾರ್ಗದ ಪೋರ್ತ್ ದ ವಾಂವ್ ನಿಲ್ದಾಣದಲ್ಲಿ ಇಳಿದರೆ ಕೆಲವೇ ನಿಮಿಷದ ನಡಿಗೆ. ಟ್ರಾಮ್ ಕೂಡ ಅಲ್ಲೇ ನಿಲ್ಲುತ್ತದೆ. ಮಾರ್ಕ್ ಸಾಂನ್ಯೇ ಮತ್ತು ಜಾರ್ಜ್ ಲಾಫನೆಸ್ತ್ರ್ ಎಂಬ ಎರಡು ರಸ್ತೆಗಳ ಪಾದಚಾರಿ ದಾರಿಯೇ ಸಂತೆಯ ಜಾಗ. ಪ್ರವೇಶ ಶುಲ್ಕವಿಲ್ಲ, ಗೇಟೂ ಇಲ್ಲ. ಬೆಳಿಗ್ಗೆ 7ರ ಹೊತ್ತಿಗೆ ವ್ಯಾನುಗಳ ಹಿಂಬಾಗಿಲು ತೆರೆದಿರುತ್ತದೆ, ಮಧ್ಯಾಹ್ನ 2ಕ್ಕೆ ಮೇಜು ಮಡಚುತ್ತಾರೆ. ಮಧ್ಯಾಹ್ನ ಊಟ ಮುಗಿಸಿ ನಿಧಾನವಾಗಿ ಹೋಗೋಣ ಎಂದುಕೊಂಡವರಿಗೆ ಉಳಿಯುವುದು ಮುಖ್ಯವಾಗಿ ಹೊಸ ಬಟ್ಟೆಬರೆಯ ಅಂಗಡಿಗಳು. ನಾನು 8 ಗಂಟೆಯೊಳಗೆ ಅಲ್ಲಿರುತ್ತೇನೆ. ಅದಕ್ಕೂ ಮೊದಲು ಬರುವವರು ಬಹುಪಾಲು ವ್ಯಾಪಾರಿಗಳು. ಕೈಯಲ್ಲಿ ಸಣ್ಣ ಟಾರ್ಚ್ ಹಿಡಿದು ಇನ್ನೂ ಬಿಚ್ಚದ ಪೆಟ್ಟಿಗೆಗಳೊಳಗೆ ಇಣುಕುತ್ತಾರೆ. ಬೆಳಿಗ್ಗೆ ಇಲ್ಲಿ ಕೊಂಡದ್ದನ್ನು ಅವರಲ್ಲಿ ಕೆಲವರು ಬೇರೆಡೆ ಹೆಚ್ಚಿನ ಬೆಲೆಗೆ ಮಾರುತ್ತಾರೆ ಎಂಬುದನ್ನು ನೆನಪಿಟ್ಟರೆ ಬೇಗ ಏಳಲು ಕಾರಣ ಸಿಗುತ್ತದೆ.

ಈ ಸಂತೆಗಳು ನಗರದ ನಡುವೆ ಇರದೆ ಅಂಚಿಗೆ ಏಕೆ ಹೋದವು ಎಂಬುದು ತಿಳಿದರೆ ಅಲ್ಲಿನ ಓಡಾಟಕ್ಕೆ ಬೇರೆ ರುಚಿ ಬರುತ್ತದೆ. ವಾಂವ್, ಪೂರ್ವದ ಮೋಂತ್ರೋಯ್, ಸಾಂತ್-ಉವಾಂ ಸಂತೆಗೆ ಹೋಗುವ ದಾರಿಯ ಕ್ಲಿನ್ಯಾಂಕೂರ್ ಮೂರೂ ನಗರದ ಹಳೆಯ ಹೆಬ್ಬಾಗಿಲುಗಳ ಹೆಸರು. 1840ರ ದಶಕದಲ್ಲಿ ಪ್ಯಾರಿಸ್ ಸುತ್ತ ಕೋಟೆಗೋಡೆ ಕಟ್ಟಿದರು, ಮೊದಲ ಮಹಾಯುದ್ಧದ ನಂತರ ಅದನ್ನು ಕೆಡವಿದರು. ಆ ಗೋಡೆಯ ಆಚೆಗಿನ ಬಯಲಿನಲ್ಲಿ ಚಿಂದಿ ಆಯುವವರು ನೆಲೆಸಿದ್ದರು. ರಾತ್ರಿಯಿಡೀ ಬೀದಿಯಲ್ಲಿ ಬಿಸಾಡಿದ್ದನ್ನು ಆಯ್ದು, ಹರಕು ಬಟ್ಟೆಯನ್ನು ಕಾಗದದ ಕಾರ್ಖಾನೆಗೆ, ಮೂಳೆ ಲೋಹಗಳನ್ನು ಬೇರೆ ಬೇರೆ ಕೊಳ್ಳುವವರಿಗೆ ಮಾರುವುದು ಅವರ ಬದುಕು. 1883ರಲ್ಲಿ ಪೂಬೆಲ್ ಎಂಬ ಆಡಳಿತಾಧಿಕಾರಿ ಪ್ರತಿ ಕಟ್ಟಡವೂ ಕಸಕ್ಕೆ ಮುಚ್ಚಳವಿರುವ ಡಬ್ಬಿ ಇಡಬೇಕೆಂದು ಆದೇಶ ಹೊರಡಿಸಿದಾಗ ಅವರು ಆಯುತ್ತಿದ್ದ ರಾಶಿಯೇ ಕಣ್ಮರೆಯಾಯಿತು. ನಗರದೊಳಗೆ ಅವರ ಕಸುಬು ಇನ್ನಷ್ಟು ಕಷ್ಟವಾಯಿತು. ಮರದ ತಿರುಳಿನಿಂದ ಕಾಗದ ಮಾಡುವುದು ಹೆಚ್ಚಿದ ಮೇಲೆ ಚಿಂದಿಗೂ ಬೆಲೆ ಇಳಿಯಿತು. ಹೆಬ್ಬಾಗಿಲುಗಳ ಹೊರಗೆ ನೆಲದ ಮೇಲೆ ಬಟ್ಟೆ ಹಾಸಿ, ಇನ್ನೂ ಬಳಸಬಹುದಾದ ವಸ್ತುಗಳನ್ನು ಸಾಲಾಗಿ ಜೋಡಿಸಿ ಮಾರಿದವರು ಅವರು. ಇಂದಿನ ಸಂತೆಗಳ ಬೇರು ಅಲ್ಲಿದೆ. ಒಂದು ಕಾಲದಲ್ಲಿ ಚಿಂದಿಯೆಂದು ಕಾಗದದ ಕಾರ್ಖಾನೆಗೆ ಹೋಗುತ್ತಿದ್ದ ಲಿನನ್ ಬಟ್ಟೆಯನ್ನೇ ನಾನಿಂದು ಅದೇ ಅಂಚಿನಲ್ಲಿ ನಿಂತು ಆಯುತ್ತಿದ್ದೇನೆ ಎಂಬುದು ನನಗೆ ಸಣ್ಣ ವಿಷಯವಲ್ಲ.

ಲಿನನ್ ವಾಂವ್‌ನ ನಿಜವಾದ ಸಂಪತ್ತು. ಇಲ್ಲಿನ ಹಲವು ಮಾರಾಟಗಾರರು ಯಾರೋ ತೀರಿಕೊಂಡ ಮೇಲೆ ಮನೆ ಖಾಲಿ ಮಾಡಿಸುವ ಕೆಲಸವನ್ನೂ ಮಾಡುತ್ತಾರೆ. ಕಪಾಟಿನಲ್ಲಿ ಮಡಚಿಟ್ಟ ಬಟ್ಟೆಯ ಗಂಟು ಹಾಗೆಯೇ ಬಾಳೆಹಣ್ಣಿನ ರಟ್ಟಿನ ಪೆಟ್ಟಿಗೆಯಲ್ಲಿ ಕೂತು ಸಂತೆಗೆ ಬರುತ್ತದೆ. ಹಿಂದೆ ಹೆಣ್ಣುಮಕ್ಕಳು ಮದುವೆಗೆ ಮುನ್ನ ವರ್ಷಗಟ್ಟಲೆ ಹೊಲಿದು ಸಿದ್ಧಪಡಿಸುತ್ತಿದ್ದ ಹಾಸಿಗೆ ಹೊದಿಕೆ, ಕೈವಸ್ತ್ರ, ಮೇಜುಬಟ್ಟೆಗಳಿವು. ಮೂಲೆಯಲ್ಲಿ ಎರಡು ಅಕ್ಷರ ಇರುತ್ತವೆ: ಎಷ್ಟೋ ಸಲ ಒಂದು ಅವಳ ಮನೆತನದ್ದು, ಇನ್ನೊಂದು ಗಂಡನ ಮನೆತನದ್ದು. ಮೇಜುಬಟ್ಟೆಯ ಮೇಲೆ ಬಿಳಿ ದಾರದಲ್ಲಿ ಉಬ್ಬಿಸಿದ ಅಕ್ಷರಗಳಾದರೆ, ಅಡುಗೆಮನೆಯ ಒರೆಸುವ ಬಟ್ಟೆಯ ಮೇಲೆ ಕೆಂಪು ದಾರದ ಪುಟ್ಟ ಅಡ್ಡಹೊಲಿಗೆ. ಆ ಕೆಂಪು ಅಕ್ಷರ ಅಲಂಕಾರಕ್ಕಿಂತ ಹೆಚ್ಚಾಗಿ ಗುರುತು. ಒಗೆಯಲು ಕೊಟ್ಟ ರಾಶಿಯಲ್ಲಿ ಯಾರ ಬಟ್ಟೆ ಯಾರದೆಂದು ತಿಳಿಯಬೇಕಿತ್ತು. ಶಾಲೆಯಲ್ಲಿ ಹುಡುಗಿಯರಿಗೆ ವರ್ಣಮಾಲೆಯನ್ನು ಸೂಜಿಯಿಂದ ಕಲಿಸುತ್ತಿದ್ದ ಕಾಲ ಅದು. ಅಂಥ ಅಭ್ಯಾಸದ ಬಟ್ಟೆಯೂ ಆಗಾಗ ಸಿಗುತ್ತದೆ. ಕೆಳಗಿನ ಸಾಲಿಗೆ ಬರುವಷ್ಟರಲ್ಲಿ ಹೊಲಿಗೆ ಎಷ್ಟು ಹತೋಟಿಗೆ ಬಂದಿದೆ ಎಂದು ನೋಡುತ್ತ ನಾನು ಬಹಳ ಹೊತ್ತು ನಿಂತುಬಿಡುತ್ತೇನೆ.

ಕೊಳ್ಳುವ ಮುನ್ನ ಬಟ್ಟೆಯನ್ನು ಪೂರ್ತಿ ಬಿಚ್ಚಿ ಬೆಳಕಿಗೆ ಹಿಡಿಯಬೇಕು. ಹಾಗೆ ಹಿಡಿದಾಗ ಸವೆದ ಜಾಗ ತೆಳ್ಳಗೆ ಹೊಳೆಯುತ್ತದೆ. ಮೊದಲ ಒಗೆತಕ್ಕೇ ಅದು ಹರಿಯುತ್ತದೆ. ಮಡಿಕೆಯ ಗೆರೆಯುದ್ದಕ್ಕೂ ಹಳದಿ ಬಣ್ಣವಿದ್ದರೆ ಹೆದರಬೇಕಿಲ್ಲ. ನಮ್ಮ ಕಟ್ಟಡದ ವೃದ್ಧ ಮಹಿಳೆಯೊಬ್ಬರು ನನಗೆ ಸೋಡಿಯಂ ಪರ್ಕಾರ್ಬೊನೇಟ್ ಪುಡಿಯ ಬಳಕೆ ಹೇಳಿಕೊಟ್ಟರು. ಬಿಸಿನೀರಿನಲ್ಲಿ ಕರಗಿಸಿ ರಾತ್ರಿಯಿಡೀ ನೆನೆಸಿದರೆ ಬಿಳಿ ಲಿನನ್ ಮತ್ತೆ ಬೆಳ್ಳಗಾಗುತ್ತದೆ. ತುಕ್ಕಿನ ಕಂದು ಚುಕ್ಕೆ ಬೇರೆ ಮಾತು: ಕಲೆ ಹೋದರೂ ಅಲ್ಲಿನ ನೂಲು ಆಗಲೇ ಸತ್ತಿರುತ್ತದೆ. ಹಳೆಯ ಹೊದಿಕೆಯ ನಡುವೆ ಉದ್ದಕ್ಕೂ ಕೈಹೊಲಿಗೆ ಇದ್ದರೆ ಅದನ್ನು ತೇಪೆ ಎಂದು ಬದಿಗಿಡಬೇಡಿ. ಮಗ್ಗದ ಅಗಲ ಸಾಲದೆ ಎರಡು ಪಟ್ಟಿ ನೇಯ್ದು ಜೋಡಿಸಿದ ಬಟ್ಟೆ ಅದು, ಬಹುತೇಕ ಹೆಚ್ಚು ಹಳೆಯದು ಮತ್ತು ಹೆಚ್ಚು ಗಟ್ಟಿ. ಇಂಥ ಒಂದು ಹೊದಿಕೆಯನ್ನು ನಾನು 20 ಯೂರೋಗೆ ಕೊಂಡೆ. ಅಷ್ಟು ದಟ್ಟವಾಗಿ ನೇಯ್ದ ಹೊಸ ಲಿನನ್ ಅನ್ನು ಅಂಗಡಿಯಲ್ಲಿ ಆ ಬೆಲೆಗೆ ಒಂದು ಮೀಟರ್ ಕೊಳ್ಳುವುದೂ ಕಷ್ಟ.

ಅದನ್ನು ಮಾರಿದ ಹೆಂಗಸು ಲಾಫನೆಸ್ತ್ರ್ ರಸ್ತೆಯ ಮರದ ಕೆಳಗೆ ಬಟ್ಟೆ ಮಾತ್ರ ಇಟ್ಟುಕೊಂಡು ಕೂರುತ್ತಾರೆ. ನಾನು ಹೊಲಿಗೆಯ ಹಿಂಬದಿಯನ್ನು ತಿರುಗಿಸಿ ನೋಡುತ್ತಿದ್ದುದನ್ನು ಕಂಡು, “ಮದಾಂ, ನೀವೂ ಹೊಲಿಯುತ್ತೀರಾ?” ಎಂದರು. ಹೌದೆಂದೆ. ಮೇಜಿನ ಕೆಳಗಿನಿಂದ ಇನ್ನೊಂದು ಪೆಟ್ಟಿಗೆ ಹೊರಬಂತು. “ಅಂದ ನೋಡುವವರು ಮುಂಬದಿ ನೋಡುತ್ತಾರೆ, ಇವು ನಿಮಗೆ” ಎಂದು ಅಕ್ಷರ ಅರ್ಧಕ್ಕೇ ನಿಂತ ಆರು ಕೈವಸ್ತ್ರಗಳನ್ನು ಮುಂದಿಟ್ಟರು. ನೀಲಿ ಪೆನ್ಸಿಲ್ಲಿನ ಗೆರೆ ಇನ್ನೂ ಮಾಸಿರಲಿಲ್ಲ. ಉಳಿದದ್ದನ್ನು ನಾನು ಪೂರ್ತಿ ಮಾಡುತ್ತೇನೆ ಎಂದಾಗ ಅವರು ಬೆಲೆಯನ್ನು ತಾವಾಗಿಯೇ ಇಳಿಸಿದರು. ದೊಡ್ಡ ಅಂಗಡಿಗಳಲ್ಲಿ ಈ ಮಾತುಕತೆ ನಡೆಯುವುದಿಲ್ಲ, ಅದಕ್ಕೇ ನಾನು ವಾಂವ್ ಎನ್ನುತ್ತೇನೆ.

ದಾರದ ವಿಷಯ. ಡಿಎಂಸಿ ಎಂದರೆ ಕಸೂತಿ ಮಾಡುವವರೆಲ್ಲರಿಗೂ ಗೊತ್ತು. 1746ರಲ್ಲಿ ಮುಲೂಸ್ ನಗರದಲ್ಲಿ ಆರಂಭವಾದ ಸಂಸ್ಥೆ. ಅದರ ಹಳೆಯ ಲಡಿಗಳು, ಅಂಗಡಿಗಳಲ್ಲಿಡುತ್ತಿದ್ದ ಸಣ್ಣ ಖಾನೆಗಳ ಮರದ ಪೆಟ್ಟಿಗೆಗಳು ಇಲ್ಲಿ ಕಾಣುತ್ತವೆ. ಪೆಟ್ಟಿಗೆಗೆ ಬೆಲೆ ಹೆಚ್ಚು, ಏಕೆಂದರೆ ಮನೆ ಅಲಂಕಾರದವರ ಕಣ್ಣು ಅದರ ಮೇಲಿದೆ. ಲಡಿಗಳು ಮಾತ್ರ ಡಬ್ಬಿಗಟ್ಟಲೆ ಅಗ್ಗಕ್ಕೆ ಸಿಗುತ್ತವೆ. ಒಂದೆಳೆ ಬಿಡಿಸಿ ಮೆಲ್ಲನೆ ಜಗ್ಗಿ ನೋಡಿ. ತಟ್ಟನೆ ತುಂಡಾದರೆ ಅದು ಬಳಕೆಗೆ ಬಾರದು. ಗಟ್ಟಿಯಿದ್ದರೂ ಕೆಂಪು, ಕಡುನೀಲಿಯನ್ನು ಒದ್ದೆ ಬಿಳಿಬಟ್ಟೆಯಲ್ಲಿ ಒತ್ತಿ ಬಣ್ಣ ಬಿಡುವುದೇ ಎಂದು ಪರೀಕ್ಷಿಸದೆ ಒಳ್ಳೆಯ ಬಟ್ಟೆಗೆ ಹಾಕಬೇಡಿ.

ಇನ್ನು ಚಮಚ, ಫೋರ್ಕುಗಳು. ಇಲ್ಲಿ ಮೋಸಕ್ಕಿಂತ ಅರಿವಿನ ಕೊರತೆಯಿಂದ ಹಣ ಹೋಗುವುದೇ ಹೆಚ್ಚು. ಫ್ರಾನ್ಸ್‌ನಲ್ಲಿ ಅಪ್ಪಟ ಬೆಳ್ಳಿಗೆ 1838ರಿಂದ ಮಿನರ್ವಾ ದೇವಿಯ ತಲೆಯ ಮುದ್ರೆ ಹಾಕುತ್ತಾರೆ. ಹಳೆಯ ವಸ್ತುಗಳಲ್ಲಿ ಅದರ ಜೊತೆ 1 ಎಂದಿದ್ದರೆ ಸಾವಿರದಲ್ಲಿ 950 ಪಾಲು ಬೆಳ್ಳಿ, 2 ಎಂದಿದ್ದರೆ 800 ಪಾಲು. ತಯಾರಕರ ಗುರುತು ವಜ್ರಾಕೃತಿಯ ಚೌಕಟ್ಟಿನೊಳಗೆ ಇರುತ್ತದೆ. ಬೆಳ್ಳಿಯ ಲೇಪವಷ್ಟೇ ಇರುವ ವಸ್ತುವಿನಲ್ಲಿ ತಯಾರಕರ ಗುರುತು ಚೌಕದೊಳಗೆ ಇರುತ್ತದೆ, ಮಿನರ್ವಾ ಇರುವುದಿಲ್ಲ. ಚಮಚದ ಹಿಂದೆ 84 ಎಂದು ಕಂಡರೆ ಶುದ್ಧತೆಯ ಅಂಕಿಯೆಂದು ಭಾವಿಸಬೇಡಿ. ಹನ್ನೆರಡು ಚಮಚ, ಹನ್ನೆರಡು ಫೋರ್ಕುಗಳ ಮೇಲೆ ಒಟ್ಟು 84 ಗ್ರಾಂ ಬೆಳ್ಳಿ ಲೇಪಿಸಲಾಗಿದೆ ಎಂದು ಅದರ ಅರ್ಥ. ಲೇಪದ ಚಮಚ ಕೆಟ್ಟದ್ದೇನಲ್ಲ, ನಮ್ಮ ಮನೆಯಲ್ಲಿ ದಿನವೂ ಬಳಸುವುದು ಅದೇ. ಆದರೆ ಅದಕ್ಕೆ ಬೆಳ್ಳಿಯ ಬೆಲೆ ಕೊಡಬಾರದು. ಕೈಯಲ್ಲಿ ಒಂದು ಸಣ್ಣ ಭೂತಗನ್ನಡಿ ಇದ್ದರೆ ಸಾಕು. ಅದನ್ನು ಹೊರತೆಗೆದದ್ದನ್ನು ನೋಡಿಯೇ ಕೆಲವರು ಹೇಳುವ ಬೆಲೆ ಬದಲಾಗುತ್ತದೆ. ದಂತದ ಹಿಡಿಯ ಚಾಕುಗಳು ಎಷ್ಟೇ ಚೆನ್ನಾಗಿದ್ದರೂ ಬಿಟ್ಟುಬಿಡಿ. ದಂತವನ್ನು ದೇಶದಿಂದ ದೇಶಕ್ಕೆ ಒಯ್ಯುವುದಕ್ಕೆ ಕಠಿಣ ಕಾನೂನುಗಳಿವೆ.

ಗಾಜಿನ ಲೋಟಗಳಲ್ಲಿ ಡ್ಯೂರಲೆಕ್ಸ್ ಎಂಬ ಫ್ರೆಂಚ್ ಕಂಪನಿಯವು ಯಥೇಚ್ಛ. ಬುಡದಲ್ಲಿ ಒಂದು ಸಂಖ್ಯೆ ಇರುತ್ತದೆ; ಅದು ಅಚ್ಚಿನ ಸಂಖ್ಯೆ. ಶಾಲೆಯ ಊಟದ ಮನೆಯಲ್ಲಿ ಅದನ್ನೇ ತಮ್ಮ ವಯಸ್ಸೆಂದು ಹೇಳಿ ಆಡದ ಫ್ರೆಂಚ್ ಮಕ್ಕಳಿಲ್ಲವಂತೆ. ಅಂಚು ಚೆಕ್ಕೆಯೆದ್ದಿಲ್ಲ ಎಂದು ಬೆರಳಾಡಿಸಿ ನೋಡಿ, ಒಂದೆರಡು ಯೂರೋ ಕೊಟ್ಟು ತೆಗೆದುಕೊಳ್ಳಿ.

ಚೌಕಾಸಿ ಮಾಡಬಹುದು, ಮಾಡಬೇಕು ಕೂಡ. ಆದರೆ ಮೊದಲು “ಬೋಂಜೂರ್” ಎನ್ನದೆ ವಸ್ತುವನ್ನೆತ್ತಿ “ಎಷ್ಟು?” ಎಂದರೆ ಅಲ್ಲಿಗೆ ವ್ಯಾಪಾರ ಕೆಟ್ಟಿತು. ನಮಸ್ಕಾರ ಹೇಳಿ, ಮುಟ್ಟಬಹುದೇ ಎಂದು ಕೇಳಿ, ಆಮೇಲೆ ಬೆಲೆಯ ಮಾತು. ಅರ್ಧಕ್ಕೆ ಅರ್ಧ ಕೇಳುವುದನ್ನು ಇಲ್ಲಿ ಅವಮಾನವೆಂದೇ ತಿಳಿಯುತ್ತಾರೆ. ಎರಡು ಮೂರು ವಸ್ತುಗಳನ್ನು ಒಟ್ಟಿಗೆ ಇಟ್ಟು ಒಂದೇ ಬೆಲೆ ಕೇಳುವುದು ಮರ್ಯಾದೆಯ ದಾರಿ, ಫಲವೂ ಹೆಚ್ಚು. ಐದು, ಹತ್ತು, ಇಪ್ಪತ್ತರ ನೋಟುಗಳನ್ನು ಇಟ್ಟುಕೊಂಡು ಹೋಗಿ. ಮಧ್ಯಾಹ್ನ 1 ಗಂಟೆ ದಾಟಿದ ಮೇಲೆ, ಮತ್ತೆ ಪೆಟ್ಟಿಗೆಗೆ ತುಂಬುವ ಶ್ರಮ ನೆನೆದು ಮಾರಾಟಗಾರರು ಸಡಿಲವಾಗುತ್ತಾರೆ. ಆ ಹೊತ್ತಿಗೆ ಒಳ್ಳೆಯ ಲಿನನ್ ಉಳಿದಿರುವುದಿಲ್ಲ, ಲೋಟ ತಟ್ಟೆಗಳಿಗೆ ಮಾತ್ರ ಅದು ಸರಿಯಾದ ಸಮಯ.

ವಾಂವ್‌ನ ಕೊರತೆಗಳನ್ನೂ ಹೇಳಬೇಕು. ಮಳೆ ಬಂದರೆ ಎಲ್ಲವೂ ಪ್ಲಾಸ್ಟಿಕ್ ಹಾಳೆಯ ಕೆಳಗೆ ಹೋಗುತ್ತದೆ, ಬಟ್ಟೆ ಮಾರುವವರಂತೂ ಬರುವುದೇ ಇಲ್ಲ. ಆಗಸ್ಟ್‌ನಲ್ಲಿ ಅನೇಕರು ರಜೆಗೆ ಹೋಗಿರುತ್ತಾರೆ, ಸಾಲುಗಳು ತೆಳುವಾಗುತ್ತವೆ. ಬೆಲೆಯ ಚೀಟಿ ಅಪರೂಪ. ಕೊಂಡದ್ದನ್ನು ಹಿಂದಿರುಗಿಸುವ ಮಾತು ಬಹುತೇಕ ಇಲ್ಲ. ಒಬ್ಬ ಮಾರಾಟಗಾರ ಯಂತ್ರದಲ್ಲಿ ಅಕ್ಷರ ಹೊಲಿದ ಆರು ಹೊಸ ಕೈವಸ್ತ್ರಗಳನ್ನು ಹಳೆಯವೆಂದು ನನ್ನೆದುರಿಗೇ ಒಬ್ಬ ಯುವತಿಗೆ ಮಾರುತ್ತಿದ್ದ. ಆರೂ ಅಕ್ಷರಗಳ ಹಿಂಬದಿ ಒಂದೇ ತೆರನಾಗಿತ್ತು, ಒಂದು ಗಂಟೂ ಇರಲಿಲ್ಲ. ಅವಳಿಗೆ ಅದನ್ನು ತೋರಿಸಿದೆ, ಅವನ ಸಿಟ್ಟನ್ನೂ ಕೇಳಿಸಿಕೊಂಡೆ.

ಸಾಂತ್-ಉವಾಂ ಬೇಡವೇ ಹಾಗಾದರೆ? ಬೇಕು, ಆದರೆ ಕಲಿಯಲು. 4ನೇ ಮಾರ್ಗದ ಪೋರ್ತ್ ದ ಕ್ಲಿನ್ಯಾಂಕೂರ್‌ನಲ್ಲಿ ಇಳಿದರೆ ಮೊದಲು ಕಾಣುವ ಹೊಸ ಶೂ, ಟೀ ಶರ್ಟುಗಳ ಅಂಗಡಿಗಳನ್ನು ನೋಡಿ ಇದೇ ಸಂತೆ ಎಂದುಕೊಂಡು ಹಿಂದಿರುಗಿದವರಿದ್ದಾರೆ. ಹೆದ್ದಾರಿಯ ಸೇತುವೆಯಡಿ ದಾಟಿ ರೋಜಿಯೇ ರಸ್ತೆ ಹಿಡಿಯಬೇಕು. ಅಲ್ಲಿ ಹತ್ತಕ್ಕೂ ಹೆಚ್ಚು ಪ್ರತ್ಯೇಕ ಮಾರುಕಟ್ಟೆಗಳಿವೆ, ಒಂದೊಂದಕ್ಕೂ ಒಂದೊಂದು ಗುಣ. ಪೋಲ್ ಬೇರ್ ಮತ್ತು ಸೆರ್ಪೆತ್‌ನಲ್ಲಿ ಒಳಾಂಗಣ ವಿನ್ಯಾಸಕಾರರು ಕೊಳ್ಳುವ ದರ್ಜೆಯ ವಸ್ತುಗಳು. ದೋಫೀನ್‌ನ ಮೇಲ್ಮಹಡಿಯಲ್ಲಿ ಹಳೆಯ ಪುಸ್ತಕ, ಮುದ್ರಿತ ಚಿತ್ರಗಳು. ನನಗಿಷ್ಟ ವೆರ್ನೇಜೋಂ, ಅದರ ಇಕ್ಕಟ್ಟಾದ ಓಣಿಗಳಲ್ಲಿ ಗುಂಡಿ, ಮಣಿ, ಲೇಸಿಗೆಂದೇ ಮೀಸಲಾದ ಪುಟ್ಟ ಅಂಗಡಿಗಳಿವೆ. ಅಲ್ಲಿನವರು ತಮ್ಮ ವಸ್ತುವಿನ ಊರು, ಕಾಲ, ಹೆಣಿಗೆಯ ಬಗೆ ಎಲ್ಲವನ್ನೂ ತಿಳಿದವರು, ತಾಳ್ಮೆಯಿಂದ ಹೇಳುತ್ತಾರೆ, ಆ ತಿಳಿವಳಿಕೆಗೆ ತಕ್ಕ ಬೆಲೆಯನ್ನೂ ಕೇಳುತ್ತಾರೆ. ಕೈಯಿಂದ ನೇಯ್ದ ಲೇಸನ್ನು ಯಂತ್ರದ ಲೇಸಿನಿಂದ ಗುರುತಿಸುವುದನ್ನು ನಾನು ಕಲಿತದ್ದು ಅಲ್ಲಿ, ಕೊಂಡದ್ದು ವಾಂವ್‌ನಲ್ಲಿ. ಶನಿವಾರ, ಭಾನುವಾರ ಎಲ್ಲವೂ ತೆರೆದಿರುತ್ತದೆ. ಸೋಮವಾರ ಹಲವು ಬಾಗಿಲುಗಳು ಮುಚ್ಚಿದ್ದರೂ ಜನ ಕಡಿಮೆ, ಮಾತಿಗೆ ಪುರುಸೊತ್ತು ಸಿಗುತ್ತದೆ. ಮೆಟ್ರೊದಿಂದ ಸಂತೆಯವರೆಗಿನ ಗುಂಪಿನಲ್ಲಿ ಪರ್ಸು, ಮೊಬೈಲ್ ಒಳಜೇಬಿನಲ್ಲಿರಲಿ.

ಪೂರ್ವದ ಮೋಂತ್ರೋಯ್ ಸಂತೆ ಹಳೆಯ ಉಡುಪು ರಾಶಿ ಕೆದಕುವ ಉತ್ಸಾಹವಿರುವವರಿಗೆ. ವಾರಾಂತ್ಯದಲ್ಲಿ ಬಿಡುವಿಲ್ಲದವರು 12ನೇ ವಿಭಾಗದ ಅಲಿಗ್ರ್ ಚೌಕಕ್ಕೆ ಹೋಗಬಹುದು. ಸೋಮವಾರ ಬಿಟ್ಟು ಉಳಿದ ದಿನ ಬೆಳಿಗ್ಗೆ, ತರಕಾರಿ ಮಾರುಕಟ್ಟೆಯ ಪಕ್ಕದಲ್ಲೇ ಕೆಲವು ಮೇಜುಗಳ ಹಳೆಯ ಸಾಮಾನು ಇರುತ್ತದೆ. ಲಿನನ್ ಹೆಚ್ಚು ಸಿಗುವುದಿಲ್ಲ, ತಟ್ಟೆ, ಪುಸ್ತಕ, ಬಿಡಿ ಚಮಚಗಳಿಗೆ ಅಡ್ಡಿಯಿಲ್ಲ. ಮಧ್ಯಾಹ್ನದ ಊಟದ ಹೊತ್ತಿಗೆ ಅದೂ ಮುಗಿಯುತ್ತದೆ.