ಶೇರ್‌ಪಾಯಿಂಟ್ ಹಾಕಿಸಿದ್ದೀರಾ? ಅಡ್ಮಿನ್ ಐಡಿ ಯಾರ ಕೈಲಿದೆ ಅಂತ ಇವತ್ತೇ ನೋಡಿ

ಇದನ್ನು ಬರೆಯೋಕೆ ನಾಚಿಕೆ ಆಗುತ್ತಿದೆ. ಹದಿನೈದು ವರ್ಷದಿಂದ ಕ್ವಾಲಿಟಿ ಡಿಪಾರ್ಟ್‌ಮೆಂಟಲ್ಲಿ ಇದ್ದೇನೆ. ಹೊರಗಿಂದ ಬಂದ ಒಂದು ಬೋಲ್ಟನ್ನೂ ಅಳೆಯದೆ ಒಳಗೆ ಬಿಡುವವನಲ್ಲ. ಅಂಥ ನಾನು ಒಂದು ಕಾಗದ ಓದದೆ ಸಹಿ ಹಾಕಿ, ನಾಲ್ಕು ವರ್ಷದ ಫೈಲು ಕಳೆದುಕೊಂಡು ಕೂತಿದ್ದೇನೆ.

ನಮ್ಮದು ಪೀಣ್ಯದಲ್ಲಿ ಒಂದು ಮಷಿನ್ ಶಾಪ್. ನಲವತ್ತು ಜನ. ಡ್ರಾಯಿಂಗ್, ಇನ್‌ಸ್ಪೆಕ್ಷನ್ ರಿಪೋರ್ಟ್, ಸ್ಟೀಲಿನ ಟೆಸ್ಟ್ ಸರ್ಟಿಫಿಕೇಟ್ ಎಲ್ಲ ಮೊದಲು ಒಂದೇ ಕಂಪ್ಯೂಟರಿನ ಡಿ ಡ್ರೈವಲ್ಲಿ ಇರುತ್ತಿದ್ದವು. ಪೆನ್‌ಡ್ರೈವಲ್ಲಿ ಓಡಾಡುತ್ತಿದ್ದವು. ಎಲ್ಲರಿಗೂ ಒಂದೇ ಜಾಗದಲ್ಲಿ ಸಿಗಲಿ ಅಂತ ಓನರ್‌ಗೆ ತಲೆ ತಿಂದು ಶೇರ್‌ಪಾಯಿಂಟ್, ಅಂದರೆ ಕಂಪನಿ ಫೈಲುಗಳನ್ನು ಇಂಟರ್ನೆಟ್ಟಲ್ಲಿ ಇಡುವ ಮೈಕ್ರೋಸಾಫ್ಟಿನ ವ್ಯವಸ್ಥೆ, ಹಾಕಿಸಿದವನು ನಾನೇ. ಹಳೇ ಸರ್ಟಿಫಿಕೇಟುಗಳನ್ನೆಲ್ಲ ಸ್ಕ್ಯಾನ್ ಮಾಡಿ ಏರಿಸಿ, ಕಾಗದಗಳನ್ನು ಹಳೇ ಪೇಪರಿನವನಿಗೆ ತೂಕಕ್ಕೆ ಹಾಕಿದೆವು. ಅದೂ ನನ್ನದೇ ಐಡಿಯಾ. ಜಾಗ ಉಳಿಯಿತಲ್ಲ ಅಂತ ಖುಷಿಪಟ್ಟಿದ್ದೆ ಬೇರೆ.

ಹಾಕಿಕೊಟ್ಟ ವೆಂಡರ್ ಹೆಸರು ಇಲ್ಲಿ ಹೇಳುವುದಿಲ್ಲ. ಸೆಟಪ್‌ಗೆ 85,000 ತಗೊಂಡರು. ಕೊನೇ ದಿನ ಒಂದು ಹ್ಯಾಂಡ್‌ಓವರ್ ಶೀಟ್ ತಂದರು. ಹನ್ನೊಂದು ಸಾಲು, ಪ್ರತಿ ಸಾಲಿನ ಮುಂದೆ ಒಂದು ಚೌಕ. ಒಂಬತ್ತನೇ ಸಾಲು 'ಅಡ್ಮಿನ್ ಹ್ಯಾಂಡ್‌ಓವರ್', ಅಂದರೆ ಸಿಸ್ಟಮ್ಮಿನ ಪೂರ್ತಿ ಹಿಡಿತ ನಮಗೆ ಒಪ್ಪಿಸುವುದು. ಅದಕ್ಕೂ ಟಿಕ್ ಹಾಕಿದೆ. ಓನರ್ ಎದುರಿಗೇ ಹಾಕಿದೆ. ನನಗೆ ಒಂದು ಐಡಿ, ಪಾಸ್‌ವರ್ಡ್ ಕೊಟ್ಟಿದ್ದರು, ಫೈಲ್ ಏರಿಸೋಕೆ ಆಗುತ್ತಿತ್ತು, ಫೋಲ್ಡರ್ ಮಾಡೋಕೆ ಆಗುತ್ತಿತ್ತು. ನಾನೇ ಅಡ್ಮಿನ್ ಅಂದುಕೊಂಡೆ! ನಿಜಕ್ಕೂ ನಾನು ಬರೀ ಮೆಂಬರ್. ಉಳಿದವರೂ ಮೆಂಬರ್. ಟ್ರೈನಿ ಹುಡುಗನೂ ಮೆಂಬರ್. ಮೆಂಬರ್ ಅಂದರೆ ಏರಿಸಲೂಬಹುದು, ಅಳಿಸಲೂಬಹುದು.

ಬ್ಯಾಕಪ್ ಬಗ್ಗೆ ವೆಂಡರ್‌ನ ಕೇಳಿದ್ದೆ. ಇದೊಂದನ್ನು ಮಾತ್ರ ಕೇಳಿದ್ದೆ. "ಸರ್, ಕ್ಲೌಡಲ್ಲಿ ಇದೆ ಅಂದ್ರೇನೆ ಬ್ಯಾಕಪ್ ಇದೆ ಅಂತ ಅಲ್ವಾ" ಅಂದ. ನಾನು ತಲೆಯಾಡಿಸಿದೆ.

2025ರ ಮಾರ್ಚಲ್ಲಿ ನಮ್ಮ ಟ್ರೈನಿಯ ಲ್ಯಾಪ್‌ಟಾಪ್ ಡಿಸ್ಕ್ ತುಂಬಿತ್ತು. ಸರ್ಟಿಫಿಕೇಟ್ ಲೈಬ್ರರಿಯನ್ನು ಅವನು ಸಿಂಕ್ ಮಾಡಿಕೊಂಡಿದ್ದ, ಅಂದರೆ ಸೈಟಿನ ಫೋಲ್ಡರ್ ಲ್ಯಾಪ್‌ಟಾಪಲ್ಲೂ ಕಾಣುತ್ತೆ, ಇಲ್ಲಿ ಅಳಿಸಿದರೆ ಅಲ್ಲೂ ಹೋಗುತ್ತೆ. ಜಾಗ ಬೇಕು ಅಂತ ಆ ಫೋಲ್ಡರನ್ನು ಅಳಿಸಿದ. ಎಲ್ಲ ಕಡೆಯಿಂದಲೂ ಹೋಗುತ್ತೆ ಅಂತ ಸ್ಕ್ರೀನ್ ಮೇಲೆ ಬಂದದ್ದಕ್ಕೆ ಓಕೆ ಒತ್ತಿದ. ಯಾರು ಓದುತ್ತಾರೆ ಹೇಳಿ ಅದನ್ನೆಲ್ಲ. ಲ್ಯಾಪ್‌ಟಾಪಿನ ಕಸದ ಬುಟ್ಟಿ ಖಾಲಿ ಮಾಡಿದ. ಇನ್ನೂ ಒಳ್ಳೇ ಕೆಲಸ ಮಾಡೋಣ ಅಂತ ಸೈಟಿನ ರಿಸೈಕಲ್ ಬಿನ್ನಿಗೂ ಹೋಗಿ ಅದನ್ನೂ ಖಾಲಿ ಮಾಡಿದ. ಆಮೇಲೆ ಕೇಳಿದರೆ, "ಸರ್, ನಾನು ನನ್ನ ಲ್ಯಾಪ್‌ಟಾಪಲ್ಲಿ ಇರೋದನ್ನ ಮಾತ್ರ ತೆಗ್ದಿದ್ದು" ಅಂತ ಕಣ್ಣಲ್ಲಿ ನೀರು ಹಾಕಿಕೊಂಡ. ಅವನಿಗೆ ಬೈಯೋಕೆ ನನಗೆ ಬಾಯಿ ಬರಲಿಲ್ಲ. ಸಿಂಕ್ ಅಂದರೇನು ಅಂತ ಅವನಿಗೆ ಹೇಳಿಕೊಡದವನು ನಾನು. ನನಗೇ ಗೊತ್ತಿರಲಿಲ್ಲ!

ನಮಗೆ ಗೊತ್ತಾದದ್ದು ಮೇ 27ಕ್ಕೆ, ಕಸ್ಟಮರ್ ಆಡಿಟ್‌ಗೆ ತಯಾರಿ ಮಾಡುವಾಗ. ಫೋಲ್ಡರೇ ಇಲ್ಲ. ಹುಡುಗನ ಮೇಲ್ ಕೆದಕಿದೆವು. ನೀವು ತುಂಬಾ ಫೈಲ್ ಅಳಿಸಿದ್ದೀರಿ ಅಂತ ಮೈಕ್ರೋಸಾಫ್ಟಿನಿಂದ ಒಂದು ಮೇಲ್, ಓದದೆ ಬಿದ್ದಿತ್ತು. ತಾರೀಖು ಮಾರ್ಚ್ 12.

ತಕ್ಷಣ ವೆಂಡರ್‌ಗೆ ಫೋನ್ ಮಾಡಿದೆ. ಅವನು ಕೇಳಿದ ಮೊದಲ ಪ್ರಶ್ನೆ ಏನು ಗೊತ್ತಾ? "ಯಾವತ್ತು ಡಿಲೀಟ್ ಆಗಿದ್ದು ಸರ್?"

ಮಾರ್ಚ್ 12 ಅಂದೆ. ಒಂದು ಕ್ಷಣ ಸುಮ್ಮನಿದ್ದ. "ಓಕೆ ಸರ್, ಟೆನ್ಷನ್ ಬೇಡ, ನೋಡ್ತೀವಿ" ಅಂದ.

ಆ ಒಂದು ಕ್ಷಣ ಈಗಲೂ ನನ್ನ ಕಿವಿಯಲ್ಲಿದೆ. ಯಾಕೆ ಅಂದರೆ, ಶೇರ್‌ಪಾಯಿಂಟಲ್ಲಿ ಅಳಿಸಿದ್ದು ಅಳಿಸಿದ ದಿನದಿಂದ 93 ದಿನ ಉಳಿಯುತ್ತೆ. ಮೊದಲ ಬುಟ್ಟಿಯಿಂದ ಖಾಲಿ ಮಾಡಿದರೂ ಎರಡನೇ ಬುಟ್ಟಿಗೆ ಹೋಗಿ ಕೂರುತ್ತೆ, ಅಲ್ಲಿ ಉಳಿದ ದಿನ ಇರುತ್ತೆ. ಆದರೆ ಆ ಎರಡನೇ ಬುಟ್ಟಿ ಕಾಣುವುದು ಸೈಟ್ ಅಡ್ಮಿನ್‌ಗೆ ಮಾತ್ರ. ನಮ್ಮ ಸೈಟಿಗೆ ಅಡ್ಮಿನ್ ಯಾರು? ಅವನೇ. ಅವನೊಬ್ಬನೇ. ಮೇ 27ಕ್ಕೆ 76 ದಿನ ಆಗಿತ್ತು. ಇನ್ನೂ 17 ದಿನ ಇತ್ತು. ಲಾಗಿನ್ ಆಗಿ, ಆರಿಸಿ, ರಿಸ್ಟೋರ್ ಒತ್ತಬೇಕು, ಅಷ್ಟೇ. ಇದು ಅವನಿಗೆ ಗೊತ್ತಿತ್ತು, ಅದಕ್ಕೇ ತಾರೀಖು ಕೇಳಿದ್ದು. ನನಗೆ ಗೊತ್ತಿರಲಿಲ್ಲ.

ಆಮೇಲೆ ಬಂದ ಉತ್ತರಗಳನ್ನು ಇದ್ದ ಹಾಗೇ ಹಾಕುತ್ತೇನೆ, ವಾಟ್ಸಾಪಲ್ಲಿ ಎಲ್ಲ ಇವೆ.

ಮೇ 28: "ಸರ್ ಟೀಮ್‌ಗೆ ಹೇಳಿದೀನಿ."

ಜೂನ್ 2: "ಟಿಕೆಟ್ ರೈಸ್ ಆಗಿದೆ ಸರ್." ಟಿಕೆಟ್ ನಂಬರ್ ಕೇಳಿದೆ. ಎರಡು ನೀಲಿ ಗೆರೆ ಬಂತು, ಉತ್ತರ ಬರಲಿಲ್ಲ.

ಜೂನ್ 5: "ಸರ್ ನಿಮ್ಮ ಎಎಂಸಿ ಏಪ್ರಿಲ್‌ಗೆ ಮುಗ್ದಿದೆ. ಎಎಂಸಿ ಇಲ್ದೆ ಸಿಸ್ಟಮ್ ಆಕ್ಸೆಸ್ ಅಲೋ ಮಾಡಲ್ಲ." ಎಎಂಸಿ ಅಂದರೆ ವರ್ಷದ ನಿರ್ವಹಣೆ ಒಪ್ಪಂದ. ಅದಕ್ಕೆ 24,000, ಅದರ ಮೇಲೆ ಜಿಎಸ್‌ಟಿ 18%. ಲೆಕ್ಕ ಹಾಕಿದರೆ 28,320.

ಯಾವ ಸಿಸ್ಟಮ್ ಸ್ವಾಮಿ? ಲೈಸೆನ್ಸ್ ದುಡ್ಡು ನಾವು ತಿಂಗಳು ತಿಂಗಳು ಕಟ್ಟುತ್ತಲೇ ಇದ್ದೆವು. ಸೈಟ್ ನಡೆಯುತ್ತಲೇ ಇತ್ತು. ಅಲೋ ಮಾಡದೇ ಇದ್ದದ್ದು ಅವನು. ಆದರೂ ಜೂನ್ 9ಕ್ಕೆ ದುಡ್ಡು ಹಾಕಿಸಿದೆ. ಓನರ್ ನನ್ನ ಮುಖ ನೋಡಿ ಏನೂ ಹೇಳದೆ ಟ್ರಾನ್ಸ್‌ಫರ್ ಮಾಡಿದರು. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಜೂನ್ 12, ಗುರುವಾರ: "ಪೇಮೆಂಟ್ ರಿಸೀವ್ಡ್ ಸರ್ ಥ್ಯಾಂಕ್ಯೂ. ಇಂಜಿನಿಯರ್ ಲೀವಲ್ಲಿದಾರೆ, ಸೋಮವಾರ ಪಕ್ಕಾ."

93ನೇ ದಿನ ಜೂನ್ 13, ಶುಕ್ರವಾರ.

ಸೋಮವಾರ, ಜೂನ್ 16: "ಸರ್ ಚೆಕ್ ಮಾಡಿದ್ವಿ. 93 ದಿನ ಆಗ್ಬಿಟ್ಟಿದೆ. ಇದು ಮೈಕ್ರೋಸಾಫ್ಟ್ ಪಾಲಿಸಿ, ನಮ್ ಕೈಲಿ ಏನೂ ಇಲ್ಲ."

ಕೈಲಿ ಏನೂ ಇಲ್ಲ ಅಂತೆ. ನಮ್ಮ ಜುಟ್ಟು ಪೂರ್ತಿ ಅವನ ಕೈಲಿತ್ತು! ಬೇಕಂತಲೇ ಎಳೆದನೋ, ಸೋಮಾರಿತನವೋ, ನನಗೆ ಗೊತ್ತಿಲ್ಲ. ಈಗ ಅದು ಬೇಕಾಗಿಯೂ ಇಲ್ಲ.

ಇಷ್ಟಕ್ಕೇ ಮುಗಿಯಲಿಲ್ಲ. ಜುಲೈಯಲ್ಲಿ ಬೇರೆ ಕಂಪನಿಯ ಐಟಿ ಮ್ಯಾನೇಜರ್ ಒಬ್ಬರ ಹತ್ತಿರ ಟೀ ಕುಡೀತಾ ಹೇಳಿಕೊಂಡೆ. ಅವರು ಕಪ್ ಕೆಳಗಿಟ್ಟು, "93 ಆದ್ಮೇಲೂ 14 ದಿನ ಮೈಕ್ರೋಸಾಫ್ಟ್ ಹತ್ರ ಬ್ಯಾಕಪ್ ಇರುತ್ತಲ್ರೀ, ಸಪೋರ್ಟ್‌ಗೆ ಹಾಕಿಸ್ಲಿಲ್ವಾ?" ಅಂದರು. ಒಂದೊಂದೇ ಫೈಲ್ ಕೊಡೋದಿಲ್ಲವಂತೆ, ಇಡೀ ಸೈಟನ್ನೇ ಹಿಂದಕ್ಕೆ ತಿರುಗಿಸಬೇಕಂತೆ, ಆಮೇಲೆ ಆದ ಕೆಲಸ ಹೋಗುತ್ತಂತೆ. ಹೋಗಲಿ ಬಿಡಿ, ಎರಡು ವಾರದ ಕೆಲಸ ಮತ್ತೆ ಮಾಡುತ್ತಿದ್ದೆವು. ಆದರೆ ಆ ರಿಕ್ವೆಸ್ಟ್ ಹಾಕಬೇಕಾದವನೂ ಅಡ್ಮಿನ್ನೇ. ಜೂನ್ 16ಕ್ಕೆ ಇವನು "ಏನೂ ಇಲ್ಲ" ಅಂದಾಗ ಜೂನ್ 27ರ ತನಕ ಬಾಗಿಲು ತೆರೆದಿತ್ತು. ಟೀ ಅರ್ಧಕ್ಕೇ ಬಿಟ್ಟು ಎದ್ದು ಬಂದೆ.

ಅದಾದ ಮೇಲೆ ಜಗಳ ಮಾಡಿ ಅಡ್ಮಿನ್ ಕಿತ್ತುಕೊಂಡೆವು. ಪುಣ್ಯಕ್ಕೆ ನಮ್ಮ ಡೊಮೇನ್ (ಕಂಪನಿಯ ಇಂಟರ್ನೆಟ್ ವಿಳಾಸ) ಓನರ್ ಹೆಸರಲ್ಲೇ ಇತ್ತು, ಅವರೇ ಹಿಂದೆ ಕೊಂಡಿದ್ದು. ಅದೂ ಅವನ ಹೆಸರಲ್ಲಿ ಇದ್ದಿದ್ದರೆ ಏನು ಮಾಡುತ್ತಿದ್ದೆವೋ. ಒಳಗೆ ಹೋಗಿ ನೋಡಿದರೆ ಗ್ಲೋಬಲ್ ಅಡ್ಮಿನ್, ಅಂದರೆ ಎಲ್ಲರಿಗಿಂತ ಮೇಲಿನ ಅಡ್ಮಿನ್, ಮೂರು ಜನ, ಮೂವರೂ ವೆಂಡರ್ ಕಡೆಯವರು. ಕೆಲಸ ಬಿಟ್ಟುಹೋದ ನಮ್ಮ ಇಬ್ಬರ ಐಡಿ ಇನ್ನೂ ಜೀವಂತ. ಇನ್ನೊಂದು ಹೇಳೋಕೇ ಭಯ. ಒಂದು ಡ್ರಾಯಿಂಗ್ ಫೋಲ್ಡರಿಗೆ, ಲಿಂಕ್ ಸಿಕ್ಕಿದ ಯಾರು ಬೇಕಾದರೂ ಲಾಗಿನ್ ಇಲ್ಲದೆ ತೆರೆಯಬಹುದು ಅನ್ನುವ ಲಿಂಕ್ ಹಾಕಿಟ್ಟಿದ್ದರು. ಕಸ್ಟಮರ್ ಡ್ರಾಯಿಂಗ್! ಹೊರಗೆ ತೋರಿಸಲ್ಲ ಅಂತ ನಾವು ಬರೆದುಕೊಟ್ಟಿದ್ದೇವೆ.

ನಿಮಗೆ ಹೇಳುವುದು ಇಷ್ಟು. ಗ್ಲೋಬಲ್ ಅಡ್ಮಿನ್ ಐಡಿ ಎರಡಾದರೂ ನಿಮ್ಮ ಕಂಪನಿಯವರದ್ದೇ ಇರಲಿ, ಓಟಿಪಿ ನಿಮ್ಮ ಆಫೀಸಿನ ಫೋನಿಗೇ ಬರಲಿ. ವೆಂಡರ್ ಎದುರಲ್ಲೇ ಲಾಗಿನ್ ಆಗಿ, ಅಡ್ಮಿನ್ ಸೆಂಟರ್ ತೆರೆದು, ಎರಡನೇ ರಿಸೈಕಲ್ ಬಿನ್ ಕಣ್ಣಾರೆ ಕಂಡ ಮೇಲೆ ಟಿಕ್ ಹಾಕಿ. ಕೆಲಸ ಮುಗಿದ ಮೇಲೆ ಪಾರ್ಟ್‌ನರ್ ಅಂತ ಅವರಿಗೆ ಕೊಟ್ಟಿರುವ ಅನುಮತಿಯನ್ನೂ ತೆಗೆಯಿರಿ, ಬರೀ ಐಡಿ ತೆಗೆದರೆ ಸಾಲದು. ಸರ್ಟಿಫಿಕೇಟಿನಂಥ ಫೈಲುಗಳಿಗೆ ಬೇರೆ ಲೈಬ್ರರಿ ಮಾಡಿ, ಹೆಚ್ಚಿನವರಿಗೆ ಓದೋಕೆ ಮಾತ್ರ ಕೊಡಿ. ಡಿಸ್ಕ್ ತುಂಬಿದೆ ಅಂದರೆ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ 'ಫ್ರೀ ಅಪ್ ಸ್ಪೇಸ್' ಒತ್ತಬೇಕು, ಡಿಲೀಟ್ ಅಲ್ಲ. ಇದನ್ನು ಟ್ರೈನಿಗಳಿಗೆ ಮೊದಲ ದಿನವೇ ಹೇಳಿ. ಮತ್ತೆ ಬ್ಯಾಕಪ್ ಅಂದರೆ ಬೇರೆ ಕಡೆ ಇನ್ನೊಂದು ಪ್ರತಿ. ಕ್ಲೌಡಲ್ಲಿ ಇದೆ ಅಂದರೆ ಬ್ಯಾಕಪ್ ಇದೆ ಅಂತ ಹೇಳುವವನನ್ನು ಬಾಗಿಲಿಂದಲೇ ಕಳಿಸಿ. ನಾವು ಈಗ ತಿಂಗಳ ಮೊದಲ ಶನಿವಾರ ಒಂದು ಹಾರ್ಡ್‌ಡಿಸ್ಕಿಗೆ ಇಳಿಸಿ ಓನರ್ ಬೀರುವಿನಲ್ಲಿ ಇಡುತ್ತೇವೆ. ಹಳೇ ಕಾಲದ ಹಾಗೆ ಅಂತ ನಕ್ಕರೂ ಪರವಾಗಿಲ್ಲ.

ಆಡಿಟ್ ಮುಂದಕ್ಕೆ ಹಾಕಿಸಿಕೊಂಡಿದ್ದೇವೆ. ಸ್ಟೀಲ್ ಸಪ್ಲೈಯರ್‌ಗಳಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ ಹಳೇ ಸರ್ಟಿಫಿಕೇಟಿನ ಪ್ರತಿ ಕೇಳುತ್ತಿದ್ದೇನೆ. ಟ್ರೈನಿ ಹುಡುಗ ಪಕ್ಕದಲ್ಲಿ ಕೂತು ಹೀಟ್ ನಂಬರ್, ಅಂದರೆ ಸ್ಟೀಲ್ ಕರಗಿಸಿದ ಬ್ಯಾಚಿನ ನಂಬರ್, ಓದುತ್ತಾನೆ. ಇಲ್ಲಿಯವರೆಗೆ ಮೂವತ್ತೊಂದು ಬಂದಿವೆ.